ಕ್ರಾಬಾತ್

ಜರ್ಮನ್ ಲೇಖಕ ಓಟ್‌ಫ್ರೀಡ್ ಪ್ರಾಯ್ಸ್‌ಲರ್ (1923-2013) ಬರೆದ, 1971ರಲ್ಲಿ ಪ್ರಕಟವಾದ ಅದ್ಭುತ ಕಾದಂಬರಿ. ಮಾಟ ಕಲಿಸುವ ಗಿರಣಿಯೊಂದರಲ್ಲಿ ಸಿಕ್ಕಿಬಿದ್ದ ಹದಿನಾಲ್ಕರ ಹುಡುಗನೊಬ್ಬ ದೊಡ್ಡವನಾಗುವ ಕಥೆ ಇದರದು. ಮಕ್ಕಳಿಗಾಗಿ ಬರೆದದ್ದೆಂದು ಹೆಸರಾದರೂ ಸಾವಿನ ನೆರಳು ಬೀಳದ ಅಧ್ಯಾಯ ಇದರಲ್ಲಿ ಕಡಿಮೆ. 1972ರಲ್ಲಿ ಜರ್ಮನಿಯ ಕಿರಿಯರ ಸಾಹಿತ್ಯ ಪ್ರಶಸ್ತಿ ಪಡೆಯಿತು.

ಕಥೆಯ ಬೇರು ಪೂರ್ವ ಜರ್ಮನಿಯ ಲೌಸಿಟ್ಸ್ ಪ್ರದೇಶದಲ್ಲಿದೆ. ಅಲ್ಲಿ ನೆಲೆಸಿರುವ ಸೋರ್ಬರು ಸ್ಲಾವ್ ಭಾಷೆಯಾಡುವ ಸಣ್ಣ ಜನಾಂಗ. ಅವರ ದಂತಕಥೆಗಳ ನಾಯಕ ಕ್ರಾಬಾತ್ ಇತಿಹಾಸದ ಒಬ್ಬ ವ್ಯಕ್ತಿಯಿಂದ ಹುಟ್ಟಿದವನು. ಸ್ಯಾಕ್ಸನಿಯ ಸೇನೆಯಲ್ಲಿ ಕುದುರೆಪಡೆಯ ಅಧಿಕಾರಿಯಾಗಿದ್ದ ಯೋಹಾನ್ ಷಾದೋವಿಟ್ಸ್ ಕ್ರೊಯೇಷಿಯಾದವನು. 'ಕ್ರಾಬಾತ್' ಎಂದರೆ ಕ್ರೊಯೇಷಿಯಾದವನು ಎಂದೇ. ಅರಸನಿಂದ ಗ್ರೋಸ್ ಸೇರ್ಷೆನ್ ಎಂಬ ಹಳ್ಳಿಯಲ್ಲಿ ಜಮೀನು ಪಡೆದು ಅಲ್ಲೇ ಬಾಳಿದ ಈತ 1704ರಲ್ಲಿ ತೀರಿಕೊಂಡ. ಸಮಾಧಿ ವಿಟ್ಟಿಖೆನೌ ಊರಿನ ಚರ್ಚಿನಲ್ಲಿದೆ. ಪರದೇಶದಿಂದ ಬಂದು ಅರಸನ ಸಲುಗೆ ಗಳಿಸಿದವನಿಗೆ ಮಾಟ ಗೊತ್ತಿರಲೇಬೇಕೆಂದು ಊರವರು ನಂಬಿದರು. ಅರಸನನ್ನು ತುರ್ಕರ ಸೆರೆಯಿಂದ ಬಿಡಿಸಿದ, ಓಟ್ಸ್ ಕಾಳುಗಳನ್ನು ಸೈನಿಕರನ್ನಾಗಿ ಮಾಡಿದ, ಡ್ರೆಸ್ಡೆನ್ನಿಗೆ ಗಾಳಿಯಲ್ಲಿ ಗಾಡಿ ಹಾರಿಸಿಕೊಂಡು ಹೋಗುವಾಗ ಕಾಮೆನ್ಸ್ ಊರಿನ ಗೋಪುರಕ್ಕೆ ತಗುಲಿಸಿದ ಎಂದೆಲ್ಲ ಕಥೆಗಳು ಬೆಳೆದವು. ಈ ಕ್ರಾಬಾತ್ ಬಡವರ ಪಕ್ಷದ ಒಳ್ಳೆಯ ಮಾಂತ್ರಿಕ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಥೆಗಳು ಬರಹಕ್ಕಿಳಿದವು. ವಿದ್ವಾಂಸರು ಅವನನ್ನು ಸೋರ್ಬರ ಫೌಸ್ಟ್ ಎಂದು ಕರೆದದ್ದೂ ಉಂಟು.

ಈ ಅಧಿಕಾರಿಯ ಕಥೆಗೆ ಇನ್ನೂ ಹಳೆಯದಾದ ಮತ್ತೊಂದು ಕಥೆ ಬೆಸೆದುಕೊಂಡಿತು: ಮಾಂತ್ರಿಕ ಗುರುವಿನ ವಿದ್ಯೆಯನ್ನು ಕದ್ದು ಕಲಿತು ಅವನನ್ನೇ ಸೋಲಿಸುವ ಶಿಷ್ಯನ ಕಥೆ. ಗುರು ಬೆನ್ನಟ್ಟುತ್ತಾನೆ, ಶಿಷ್ಯ ಮೀನಾಗಿ, ಉಂಗುರವಾಗಿ, ಕಾಳಾಗಿ ರೂಪ ಬದಲಿಸುತ್ತ ತಪ್ಪಿಸಿಕೊಳ್ಳುತ್ತಾನೆ. ಇದು ಯುರೋಪಿಗೆ ಮಾತ್ರ ಸೇರಿದ್ದಲ್ಲ. ಕನ್ನಡಿಗರಿಗೆ ಪರಿಚಿತವಾದ ಬೇತಾಳ ಕಥೆಗಳು ಮಂಗೋಲಿಯಾಕ್ಕೆ ಹೋದಾಗ ಅವುಗಳ ಚೌಕಟ್ಟಿನ ಕಥೆಯೇ ಇಂಥ ರೂಪಾಂತರದ ಹೋರಾಟವಾಯಿತು. ಜರ್ಮನ್ ವಿದ್ವಾಂಸ ಥಿಯೋಡೋರ್ ಬೆನ್‌ಫೈ ಇದರ ಮೂಲವನ್ನು ಭಾರತದ ಕಡೆಗೇ ಹುಡುಕಿದ.

ಇಪ್ಪತ್ತನೆಯ ಶತಮಾನದಲ್ಲಿ ಸೋರ್ಬ್ ಲೇಖಕರೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡರು. ಮೆರ್ಚಿನ್ ನೊವಾಕ್-ನೊಯ್ಮನ್ 1954ರಲ್ಲಿ ಅದನ್ನು ಸೋರ್ಬ್ ಭಾಷೆಯಲ್ಲಿ ಮರುನಿರೂಪಿಸಿದ. ಯೂರಿಯ್ ಬ್ರೆಝಾನನ 'ಕಪ್ಪು ಗಿರಣಿ' 1968ರಲ್ಲಿ ಬಂತು.

ಪ್ರಾಯ್ಸ್‌ಲರ್ ಹುಟ್ಟಿದ್ದು ಬೊಹೀಮಿಯಾದ ರೈಖೆನ್‌ಬರ್ಗ್‌ನಲ್ಲಿ, ಅಂದರೆ ಇಂದಿನ ಚೆಕ್ ದೇಶದ ಲಿಬೆರೆಟ್ಸ್‌ನಲ್ಲಿ. ಕ್ರಾಬಾತನ ಕಥೆಯನ್ನು ಈತ ಬಾಲ್ಯದಲ್ಲೇ ಓದಿದ್ದ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿ 1944ರಲ್ಲಿ ಸೋವಿಯತ್ ಸೆರೆ ಸಿಕ್ಕಿ ಐದು ವರ್ಷ ಯುದ್ಧಕೈದಿಯಾಗಿದ್ದ. ಆಮೇಲೆ ಬವೇರಿಯಾದಲ್ಲಿ ಶಾಲಾ ಮೇಷ್ಟ್ರಾದ. 'ಪುಟ್ಟ ಮಾಟಗಾತಿ' (1957)ಯಂಥ ನಗೆಯ ಪುಸ್ತಕಗಳಿಂದ ಹೆಸರಾಗಿದ್ದವನಿಗೆ ಈ ಕರಾಳ ಕಥೆ ಸುಲಭಕ್ಕೆ ಒಗ್ಗಲಿಲ್ಲ. ಸುಮಾರು ಹತ್ತು ವರ್ಷ ಹಿಡಿಯಿತು. ನಡುವೆ ಬೇಸತ್ತು ಕೈಬಿಟ್ಟು, ಮನಸ್ಸು ಹಗುರಾಗಲೆಂದು 'ದರೋಡೆಗಾರ ಹೋಟ್ಸೆನ್‌ಪ್ಲೋಟ್ಸ್' (1962) ಬರೆದ. ಅದು ಇನ್ನೂ ಹೆಚ್ಚು ಜನಪ್ರಿಯವಾಯಿತು.

ಕಾದಂಬರಿ ನಡೆಯುವುದು ಹದಿನೆಂಟನೆಯ ಶತಮಾನದ ಆರಂಭದ ಯುದ್ಧಕಾಲದಲ್ಲಿ. ಅನಾಥ ಹುಡುಗ ಕ್ರಾಬಾತ್ ಕನಸಿನಲ್ಲಿ ಕರೆದ ದನಿಯನ್ನು ಹಿಂಬಾಲಿಸಿ ಷ್ವಾರ್ತ್ಸ್‌ಕೋಲ್ಮ್ ಬಳಿಯ ನೀರಿನ ಗಿರಣಿಗೆ ಬರುತ್ತಾನೆ. ಹನ್ನೆರಡು ಮಂದಿ ಕೆಲಸದ ಹುಡುಗರು, ಒಕ್ಕಣ್ಣಿನ ಯಜಮಾನ. ಪ್ರತಿ ಶುಕ್ರವಾರ ರಾತ್ರಿ ಹುಡುಗರು ಕಾಗೆಗಳಾಗಿ ಕಂಬಿಯ ಮೇಲೆ ಕೂರಬೇಕು, ಯಜಮಾನ ಕೊರಾಕ್ತೋರ್ ಎಂಬ ಮಂತ್ರಗ್ರಂಥದಿಂದ ಪಾಠ ಓದುತ್ತಾನೆ. ಹೊಟ್ಟೆಗೆ ಕೊರತೆಯಿಲ್ಲ, ಮಂತ್ರದಿಂದ ಮೈಮುರಿವ ಕೆಲಸವೂ ಹಗುರ. ಬೆಲೆ ತಿಳಿಯುವುದು ವರ್ಷದ ಕೊನೆಯ ರಾತ್ರಿ: ಪ್ರತಿವರ್ಷ ಒಬ್ಬ ಹುಡುಗ ಸಾಯುತ್ತಾನೆ. ಯಜಮಾನನಿಗೂ ಮೇಲೊಬ್ಬನಿದ್ದಾನೆ, ಅವನಿಗೆ ಒಂದು ಜೀವ ಒಪ್ಪಿಸದಿದ್ದರೆ ಯಜಮಾನನ ಜೀವವೇ ಹೋಗುತ್ತದೆ.

ಮೂರು ವರ್ಷಗಳ ಈ ಕಥೆಯೊಳಗೆ ಹಲವು ಎಳೆಗಳು ಹೆಣೆದುಕೊಂಡಿವೆ. ದಿನದ ಗಿರಣಿ ಕೆಲಸ ಒಂದು, ಮುಂದಾಗುವುದನ್ನು ಸೂಚಿಸುವ ಕನಸುಗಳು ಇನ್ನೊಂದು. ಮೊದಲ ವರ್ಷ ಆಸರೆಯಾಗಿದ್ದ ತೋಂಡಾನ ಕಥೆ ಅವನು ಸತ್ತ ಮೇಲೂ ಮುಗಿಯುವುದಿಲ್ಲ: ಅವನು ಪ್ರೀತಿಸಿದ ಹುಡುಗಿಯ ಹೆಸರು ಯಜಮಾನನ ಕಿವಿಗೆ ಬಿದ್ದದ್ದೇ ಅವಳ ಸಾವಿಗೆ ಕಾರಣವಾಗಿತ್ತು. ಆ ಎಚ್ಚರದಿಂದ ಕ್ರಾಬಾತ್ ಮೆಚ್ಚಿದ ಗಾಯಕಿಯ ಹೆಸರನ್ನು ಪುಸ್ತಕ ಕೊನೆಯವರೆಗೂ ಹೇಳುವುದಿಲ್ಲ. ಪೆದ್ದನೆಂದು ಎಲ್ಲರೂ ಗೇಲಿ ಮಾಡುವ ಯೂರೋ ನಿಜಕ್ಕೂ ಎಲ್ಲರಿಗಿಂತ ಹೆಚ್ಚು ಕಲಿತವನು ಎಂಬುದು ಮೆಲ್ಲಗೆ ಬಯಲಾಗುತ್ತದೆ. ಇವೆಲ್ಲಕ್ಕಿಂತ ಜಾಣತನದ್ದು ಯಜಮಾನನದೇ ಎಳೆ. ದಂತಕಥೆಯ ತುರ್ಕರ ಸೆರೆಯ ಸಾಹಸವನ್ನು ಪ್ರಾಯ್ಸ್‌ಲರ್ ಕ್ರಾಬಾತನಿಂದ ಕಿತ್ತು ಯಜಮಾನನ ಯೌವನಕ್ಕೆ ಕೊಟ್ಟಿದ್ದಾನೆ. ಆ ಸಾಹಸದಲ್ಲಿ ಗೆಳೆಯ ಯಿರ್ಕೋ ತನ್ನ ಕೈಯಿಂದಲೇ ಸತ್ತದ್ದನ್ನು ಯಜಮಾನ ಹುಡುಗರೆದುರು ಹೇಳಿಕೊಳ್ಳುತ್ತಾನೆ. ಜಾನಪದದ ಒಬ್ಬ ನಾಯಕ ಹೀಗೆ ಇಬ್ಬರಾದ: ಅಧಿಕಾರವನ್ನು ಒಪ್ಪಿದವನೊಬ್ಬ, ಅದನ್ನು ಬೇಡವೆನ್ನಬೇಕಾದವನೊಬ್ಬ. ಯಜಮಾನ ಗಿರಣಿಯನ್ನೇ ವಹಿಸಿಕೊಡುತ್ತೇನೆಂದಾಗ ಕ್ರಾಬಾತ್ ಒಲ್ಲೆನ್ನುತ್ತಾನೆ.

ಬಿಡುಗಡೆಯ ರೀತಿಯಲ್ಲೂ ಮುಖ್ಯವಾದ ಬದಲಾವಣೆಯಿದೆ. ಜನಪದ ಕಥೆಯಲ್ಲಿ ಕಾಗೆಗಳ ಸಾಲಿನಿಂದ ಮಗನನ್ನು ಗುರುತಿಸಿ ಬಿಡಿಸುವವಳು ತಾಯಿ. ಕಾದಂಬರಿಯಲ್ಲಿ ಆ ಪರೀಕ್ಷೆ ಗಾಯಕಿಯದು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಅವಳು ಹುಡುಗನನ್ನು ಗುರುತಿಸುತ್ತಾಳೆ, ಏಕೆಂದರೆ ಅವನೊಬ್ಬನೇ ಅವಳಿಗಾಗಿ ಹೆದರುತ್ತಿದ್ದ. ತಾಯಿಯ ಜಾಗಕ್ಕೆ ಹುಡುಗಿ ಬಂದದ್ದರಿಂದಲೇ ಇದು ಬೆಳೆಯುವ ವಯಸ್ಸಿನ ಕಥೆಯಾಯಿತು. ಗೆದ್ದವರಿಗೆ ಮಂತ್ರವಿದ್ಯೆ ಉಳಿಯುವುದಿಲ್ಲ.

ಆಂಥಿಯಾ ಬೆಲ್ ಮಾಡಿದ ಇಂಗ್ಲಿಷ್ ಅನುವಾದ ಮೂಲದ ಬೆನ್ನಿಗೇ ಬಂತು. ಚೆಕ್ ನಿರ್ದೇಶಕ ಕಾರೆಲ್ ಝೆಮನ್ 1970ರ ದಶಕದ ಕೊನೆಗೆ ಇದನ್ನು ಕಾಗದದ ಆಕೃತಿಗಳ ಅನಿಮೇಷನ್ ಚಿತ್ರವಾಗಿಸಿದ. 2008ರ ಜರ್ಮನ್ ಚಿತ್ರ ಕಥೆಯನ್ನು ಮೂವತ್ತು ವರ್ಷಗಳ ಯುದ್ಧದ ಕಾಲಕ್ಕೆ ಸರಿಸಿತು. ಅದರ ದುಬಾರಿ ದೃಶ್ಯಗಳಿಗಿಂತ ಝೆಮನ್ನನ ಬಿಗಿಯಾದ ಆಕೃತಿಗಳೇ ಹೆಚ್ಚು ಭಯ ಹುಟ್ಟಿಸುತ್ತವೆ. 2013ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಬ್ಯಾಲೆಯಾಗಿಯೂ ರಂಗಕ್ಕೆ ಬಂತು.

ಇದು ತನ್ನ ಕಥೆ, ಅಧಿಕಾರದ ಆಮಿಷಕ್ಕೆ ಸಿಲುಕಿದ ತನ್ನ ತಲೆಮಾರಿನ ಕಥೆ ಎಂದು ಪ್ರಾಯ್ಸ್‌ಲರ್ ಹೇಳಿಕೊಂಡಿದ್ದ. ಆ ಮಾತಿಗೆ ಎಷ್ಟು ತೂಕವಿತ್ತೆಂಬುದು ಅವನ ಸಾವಿನ ನಂತರ ತಿಳಿಯಿತು. ಹದಿಹರೆಯದಲ್ಲಿ ನಾಜಿ ಪಕ್ಷ ಸೇರಿದ್ದುದು, ಹಿಟ್ಲರ್ ಯುವದಳದ ಬದುಕನ್ನು ಹೊಗಳುವ ಕಾದಂಬರಿಯನ್ನು ಯುದ್ಧಕಾಲದಲ್ಲಿ ಪ್ರಕಟಿಸಿದ್ದುದು ಚರ್ಚೆಗೆ ಬಂದವು. ಅವನ ಹೆಸರಿಟ್ಟುಕೊಂಡಿದ್ದ ಮ್ಯೂನಿಕ್ ಬಳಿಯ ಶಾಲೆಯೊಂದು ಆ ಹೆಸರನ್ನು ಬಿಡಲು ಮುಂದಾಯಿತು.