ತೇಪೆಯ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ದೃಷ್ಟಿ ಶಿಲೆ, ತಾಮ್ರಪಟಗಳ ಕಡೆಗೆ ಹರಿಯುವುದು ವಾಡಿಕೆ. ಬಟ್ಟೆಗೆ ಆ ಭಾಗ್ಯವಿಲ್ಲ. ನಮ್ಮ ನಾಡಿನ ಮಳೆಗೂ ಗೆದ್ದಲಿಗೂ ಅದು ಬಹುಕಾಲ ತಡೆಯದು. ಆದರೂ ಹರಿದುದನ್ನು ಎಸೆಯದೆ ಕೂಡಿಸಿ ಹೊಲಿಯುವ ಪದ್ಧತಿ ನಮ್ಮಲ್ಲಿ ಅತಿ ಪ್ರಾಚೀನವಾದುದು.

ಬೌದ್ಧ ಭಿಕ್ಷುಗಳು ಬೀದಿಯ ಚಿಂದಿಗಳನ್ನು ಆಯ್ದು, ಒಗೆದು, ಹೊಲಿದು ಚೀವರವಾಗಿ ಉಡುತ್ತಿದ್ದರು. ಮಗಧದ ಗದ್ದೆಬದುಗಳನ್ನು ತೋರಿಸಿ, ತುಂಡುಗಳನ್ನು ಹಾಗೆಯೇ ಜೋಡಿಸಬಹುದೆ ಎಂದು ಬುದ್ಧನು ಆನಂದನನ್ನು ಕೇಳಿದ ಪ್ರಸಂಗ ವಿನಯಪಿಟಕದಲ್ಲಿ ಉಂಟು. ಆರೆಲ್ ಸ್ಟೈನ್ ಪಂಡಿತನು 1907ರಲ್ಲಿ ಚೀನಾದ ದುನ್‌ಹುವಾಂಗ್ ಗುಹೆಗಳಿಂದ ತಂದ, ರೇಷ್ಮೆಯ ತುಂಡುಗಳನ್ನು ಕೂಡಿಸಿದ ವಸ್ತ್ರವೊಂದು ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಸಾವಿರ ವರ್ಷ ಮೀರಿದೆ. ಮರುಭೂಮಿಯ ಒಣಹವೆಯೇ ಅದನ್ನು ಕಾಯ್ದಿತು.

ನಮ್ಮಲ್ಲಿ ಈ ಪದ್ಧತಿ ಉಳಿದಿರುವುದು ಕೌದಿಯಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳಲ್ಲಿ ಹಳೆಯ ಇಳಕಲ್ ಸೀರೆ, ಧೋತರ, ಕುಬಸಗಳನ್ನು ಪದರವಾಗಿ ಹಾಸಿ ಹೆಂಗಸರು ಕೈಯಿಂದ ಹೊಲಿಯುತ್ತಾರೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ದಾಸರಾಗಿ ತಂದವರ ಸಂತತಿಯೂ ಸೇರಿದ ಸಿದ್ದಿ ಜನರು ಯಲ್ಲಾಪುರ, ಹಳಿಯಾಳಗಳ ಕಾಡಿನಲ್ಲಿ ನೆಲೆಸಿದ್ದಾರೆ. ಅವರ ಹೆಂಗಸರು ಅಂಚಿನಿಂದ ಹೊಲಿಯಲಾರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವರು.

ಕೌದಿಯನ್ನು ದುರಸ್ತುಮಾಡುವ ಕ್ರಮದಲ್ಲಿಯೇ ಒಂದು ವಿವೇಕವಿದೆ. ಮೊದಲು ಅದನ್ನು ಒಗೆದು ಬಿಸಿಲಿಗೆ ಒಣಗಿಸಿ ನೆಲದ ಮೇಲೆ ಹರಡಬೇಕು. ಹರಿದ ಭಾಗವನ್ನು ಕತ್ತರಿಸಿ ತೆಗೆಯಬಾರದು. ತೇಪೆಗೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆಯೇ ಯೋಗ್ಯ. ಹೊಸ ಬಟ್ಟೆ ನೀರಿಗೆ ಬಿದ್ದೊಡನೆ ಕುಗ್ಗಿ, ಜೀರ್ಣವಾದ ನೂಲನ್ನು ಎಳೆದು ಮತ್ತಷ್ಟು ಹರಿಯುವುದು. ತೇಪೆಯು ಹರಕಿಗಿಂತ ಸುತ್ತಲೂ ಎರಡು ಬೆರಳಷ್ಟು ದೊಡ್ಡದಾಗಿರಲಿ. ಅದರ ಅಂಚನ್ನು ಒಳಕ್ಕೆ ಮಡಿಸಿ, ಮೊದಲು ಸಡಿಲವಾಗಿ ಟಾಕಿ, ಬಳಿಕ ಎಲ್ಲ ಪದರಗಳನ್ನೂ ಹಿಡಿಯುವಂತೆ ಹಳೆಯ ಹೊಲಿಗೆಯ ಸಾಲುಗಳ ಜಾಡಿನಲ್ಲಿಯೇ ಸಣ್ಣ ಹೊಲಿಗೆ ಹಾಕಬೇಕು. ದಾರವನ್ನು ಬಿಗಿದೆಳೆದರೆ ಬಟ್ಟೆ ಸುಕ್ಕುಗಟ್ಟುವುದು.

ಹೀಗೆ ಹಳೆಯದು ಹೊಸದರ ಕೆಳಗೆ ಉಳಿಯುತ್ತದೆ. ಅಜ್ಜಿಯ ಸೀರೆಯ ಮೇಲೆ ತಾಯಿಯ ಕುಬಸ, ಅದರ ಮೇಲೆ ಮಗುವಿನ ಅಂಗಿ: ಕೌದಿಯು ಒಂದು ಮನೆಯ ವಂಶಾವಳಿಯೇ ಸರಿ. ಆದರೆ ಶಾಸನಕ್ಕೆ ಅಕ್ಷರವುಂಟು, ಇದಕ್ಕಿಲ್ಲ. ಯಾವ ತುಂಡು ಯಾರದೆಂಬುದು ಹೊಲಿದವಳ ನೆನಪಿನಲ್ಲಿ ಮಾತ್ರವಿರುವುದು. ಅವಳು ಹೋದ ದಿನ ಬಟ್ಟೆ ಉಳಿದರೂ ಚರಿತ್ರೆ ಅಳಿಯುವುದು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೂ ಅದನ್ನು ಮರಳಿ ಕೊಡಲಾರದು.

ಕೇಳುತ್ತಿರುವ ಮಹನೀಯರಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಹರಕು ಕೌದಿಯೊಂದು ಇದ್ದೀತು. ಅದನ್ನು ಇಳಿಸಿ ಬಿಸಿಲಿಗೆ ಹಾಕೋಣ. ಸೂಜಿ ಹಿಡಿಯುವ ಮುನ್ನ ಮನೆಯ ಹಿರಿಯಳ ಬಳಿ ಕುಳಿತು, ಒಂದೊಂದು ತುಂಡನ್ನೂ ತೋರಿಸಿ, ಇದು ಯಾರದೆಂದು ಕೇಳಿ ಬರೆದಿಡೋಣ. ಆಮೇಲೆ ತೇಪೆ ಹಾಕೋಣ. ಅದು ಯಾರ ಬಟ್ಟೆಯೆಂಬುದನ್ನೂ ಬರೆಯೋಣ.