ಕುತ್ತಿಗೆಯ ಮೂಳೆ ಬೆಸುಗೆ ಶಸ್ತ್ರಚಿಕಿತ್ಸೆ: ಮೊದಲಿನ ಸಿದ್ಧತೆ, ಆಮೇಲಿನ ಆರೈಕೆ

ಕುತ್ತಿಗೆಯಲ್ಲಿ ಏಳು ಮೂಳೆಗಳು ಒಂದರ ಮೇಲೊಂದು ಕೂತಿವೆ. ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಎಂಆರ್‌ಐ ರಿಪೋರ್ಟಿನಲ್ಲಿ ಸಿ5-ಸಿ6 ಎಂದಿದ್ದರೆ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಜಾಗ ಎಂದು ಅರ್ಥ. ಈ ಮೂಳೆಗಳ ಒಳಗಿನ ಕೊಳವೆಯಲ್ಲಿ ಮೆದುಳಿನಿಂದ ಕೈಕಾಲುಗಳಿಗೆ ಹೋಗುವ ಬೆನ್ನುಹುರಿ ಇಳಿಯುತ್ತದೆ. ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆ ಎಂದರೆ ಗೋಡೆ, ಹುರಿ ಎಂದರೆ ಅದರೊಳಗಿನ ವೈರು.

ಸವೆದ ಡಿಸ್ಕ್ ಅಥವಾ ಬೆಳೆದ ಮೂಳೆಯ ಮುಳ್ಳು ನರವನ್ನೋ ಹುರಿಯನ್ನೋ ಒತ್ತಿದಾಗ, ಅಥವಾ ಅಪಘಾತದಲ್ಲಿ ಮೂಳೆ ಮುರಿದು ಜರುಗಿದಾಗ, ವೈದ್ಯರು ಒತ್ತಡ ತೆಗೆದು ಎರಡು ಅಥವಾ ಹೆಚ್ಚು ಮೂಳೆಗಳನ್ನು ಒಂದಾಗುವಂತೆ ಮಾಡುತ್ತಾರೆ. ಇದಕ್ಕೆ ಫ್ಯೂಷನ್ ಎನ್ನುತ್ತಾರೆ. ಕನ್ನಡದಲ್ಲಿ ‘ಬೆಸುಗೆ’ ಎಂದು ಬರೆಯುತ್ತೇವೆ. ಅನುವಾದಕಿಯಾಗಿ ನನಗೆ ಈ ಪದದ ಮೇಲೆ ಒಂದು ಸಣ್ಣ ತಕರಾರಿದೆ. ಗ್ಯಾರೇಜಿನಲ್ಲಿ ಬೆಸುಗೆ ಹಾಕಿದ ಕಬ್ಬಿಣ ತಣ್ಣಗಾದ ಕೂಡಲೇ ಗಟ್ಟಿ. ಕುತ್ತಿಗೆಯಲ್ಲಿ ಹಾಗಲ್ಲ. ಶಸ್ತ್ರಚಿಕಿತ್ಸಕರು ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ಚೂರು ಅಥವಾ ಕೇಜ್ ಇಟ್ಟು, ಪ್ಲೇಟು ಮತ್ತು ಸ್ಕ್ರೂಗಳಿಂದ ಅಲುಗಾಡದಂತೆ ಹಿಡಿಸುತ್ತಾರೆ, ಅಷ್ಟೆ. ಮೂಳೆಯನ್ನು ನಿಜವಾಗಿ ಬೆಸೆಯುವುದು ನಿಮ್ಮ ದೇಹ. ಅದಕ್ಕೆ 3 ತಿಂಗಳಿಂದ 1 ವರ್ಷ ಬೇಕು. ಅಷ್ಟು ಕಾಲ ಏನು ತಿನ್ನುತ್ತೀರಿ, ಏನು ಎತ್ತುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ ಎಂಬುದೂ ಚಿಕಿತ್ಸೆಯ ಭಾಗವೇ.

ಯಾರಿಗೆ ಬೇಕು?

ಕುತ್ತಿಗೆ ನೋವಿರುವ ಹೆಚ್ಚಿನವರಿಗೆ ಬೇಡ. ‘ಸ್ಪಾಂಡಿಲೈಟಿಸ್’ ಎಂದು ಬರೆದ ಎಕ್ಸ್‌ರೇ ನೋಡಿ ಹೆದರಬೇಕಿಲ್ಲ; ಐವತ್ತು ದಾಟಿದವರ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ಸಾಮಾನ್ಯ. ಒಂದು ನರ ಮಾತ್ರ ಒತ್ತಿದ್ದರೆ ನೋವು ಭುಜದಿಂದ ಕೈಬೆರಳಿನವರೆಗೆ ಇಳಿಯುತ್ತದೆ. ಇಂಥವರಲ್ಲಿ ಬಹಳಷ್ಟು ಜನ ಔಷಧ ಮತ್ತು ಫಿಸಿಯೋಥೆರಪಿಯಿಂದ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಹುರಿಯೇ ಒತ್ತಿದ್ದರೆ ಕಥೆ ಬೇರೆ. ಆಗ ನೋವು ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ, ಸಹಿ ಬದಲಾಗುತ್ತದೆ, ಅನ್ನ ಕಲಸುವಾಗ ಬೆರಳು ಮಾತು ಕೇಳುವುದಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುವುದಿಲ್ಲ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಇಂಥ ಲಕ್ಷಣಗಳಿದ್ದರೆ ತಡ ಮಾಡಬೇಡಿ.

ಆಸ್ಪತ್ರೆಯ ಭಾಷೆ

ಸಯನ್ ಆಸ್ಪತ್ರೆ ಎಂದೇ ಎಲ್ಲರೂ ಕರೆಯುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆ 1947ರಲ್ಲಿ ಶುರುವಾಯಿತು. ಹೆದ್ದಾರಿ ಮತ್ತು ರೈಲು ಅಪಘಾತಗಳಲ್ಲಿ ಪೆಟ್ಟಾದವರು ಅಲ್ಲಿಗೆ ಬರುತ್ತಲೇ ಇರುತ್ತಾರೆ. ಧಾರಾವಿ, ಚುನಾಭಟ್ಟಿ, ಕುರ್ಲಾ ಕಡೆಯ ನಮ್ಮವರೂ ಬರುತ್ತಾರೆ: ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಉಡುಪಿ ಕಡೆಯ ಹೋಟೆಲ್ ಕೆಲಸದವರು. ಅಲ್ಲಿನ ಮಾತು ಮರಾಠಿ ಮತ್ತು ಹಿಂದಿ, ಚೀಟಿ ಇಂಗ್ಲಿಷ್. ಮರಾಠಿಯಲ್ಲಿ ‘ಮಾನ್’ ಎಂದರೆ ಕುತ್ತಿಗೆ. “ಮಾನ್ ದುಖತೇ ಕಾ?” ಎಂದು ಡಾಕ್ಟರು ಕೇಳಿದರೆ ನಿಮ್ಮ ಮಾನದ ಪ್ರಶ್ನೆಯಲ್ಲ, ಕುತ್ತಿಗೆ ನೋಯುತ್ತದೆಯೇ ಎಂದು.

ತಮಾಷೆ ಇರಲಿ, ಮೂರು ವಿಷಯಗಳನ್ನು ಬೆರೆಸದೆ ಹೇಳುವುದು ನಿಜಕ್ಕೂ ಮುಖ್ಯ. ಜೋಮು ಹಿಡಿಯುವುದು, ಅಂದರೆ ಇರುವೆ ಹರಿದಂತಾಗುವುದು: ಮರಾಠಿಯಲ್ಲಿ ‘ಮುಂಗ್ಯಾ ಯೇಣೇ’, ಹಿಂದಿಯಲ್ಲಿ ‘ಝುನ್‌ಝುನಿ’. ಮರಗಟ್ಟುವುದು, ಅಂದರೆ ಮುಟ್ಟಿದ್ದು ಗೊತ್ತಾಗದಿರುವುದು: ಹಿಂದಿಯಲ್ಲಿ ‘ಸುನ್ನ್’. ಶಕ್ತಿ ಇಲ್ಲದಿರುವುದು: ‘ಕಮ್‌ಜೋರಿ’. ನಾವು ಎಲ್ಲವನ್ನೂ ಸೇರಿಸಿ “ಕೈ ಸೆಳೆತ” ಎಂದುಬಿಡುತ್ತೇವೆ. ಕೈಯಲ್ಲಿ ಲೋಟ ನಿಲ್ಲುತ್ತಿಲ್ಲ ಎಂದರೆ ಅದು ನೋವಿನ ಮಾತಲ್ಲ, ಶಕ್ತಿ ಕುಗ್ಗಿದ ಮಾತು. ವೈದ್ಯರು ಎಷ್ಟು ಅವಸರ ಮಾಡಬೇಕೆಂಬುದು ಅದರ ಮೇಲೆ ನಿಲ್ಲುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಕೇಳಿ: ಮುಂದಿನಿಂದಲೋ ಹಿಂದಿನಿಂದಲೋ? ಎಷ್ಟು ಮೂಳೆ ಕೂಡಿಸುತ್ತೀರಿ? ಸೊಂಟದ ಮೂಳೆಯಿಂದ ಚೂರು ತೆಗೆಯುತ್ತೀರಾ? ತೆಗೆದರೆ ಕೆಲವರಿಗೆ ಕುತ್ತಿಗೆಗಿಂತ ಸೊಂಟವೇ ಹೆಚ್ಚು ದಿನ ನೋಯುತ್ತದೆ, ಮೊದಲೇ ತಿಳಿದಿರಲಿ. ಮುಂದಿನಿಂದ ಮಾಡುವ ವಿಧಾನವನ್ನು ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್, ಪ್ರತ್ಯೇಕವಾಗಿ ಕ್ಲೋವರ್ಡ್, 1950ರ ದಶಕದಲ್ಲೇ ವಿವರಿಸಿದ್ದರು. ಇದು ಹೊಸ ಪ್ರಯೋಗವೇನಲ್ಲ. ಖರ್ಚಿನ ವಿಷಯದಲ್ಲಿ ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆ ಅಥವಾ ಆಯುಷ್ಮಾನ್ ಭಾರತ್ ನಿಮಗೆ ಸಿಗುತ್ತದೆಯೇ ಎಂದು ವಿಚಾರಿಸಿ. ರೇಷನ್ ಕಾರ್ಡು ಇನ್ನೂ ಊರಿನಲ್ಲೇ ಇದ್ದರೆ ಅದನ್ನು ಮುಚ್ಚಿಡದೆ ಹೇಳಿ.

ಮನೆಯ ಮಾತ್ರೆ ಡಬ್ಬಿ

ತಿನ್ನುವ ಪ್ರತಿಯೊಂದು ಔಷಧವನ್ನೂ ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಆಯುರ್ವೇದದ ಕಷಾಯ, ಅಶ್ವಗಂಧ, ಬೆಳ್ಳುಳ್ಳಿ ಕ್ಯಾಪ್ಸೂಲ್, ಟಿವಿಯಲ್ಲಿ ನೋಡಿ ತರಿಸಿದ ಪುಡಿ, ಎಲ್ಲವೂ ಲೆಕ್ಕಕ್ಕೆ. ರಕ್ತ ತೆಳುಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ಗಳನ್ನು ಸಾಮಾನ್ಯವಾಗಿ ಕೆಲವು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಮಾಡಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಡಾಕ್ಟರು ಮತ್ತು ಶಸ್ತ್ರಚಿಕಿತ್ಸಕರು ಮಾತಾಡಿಕೊಂಡು ದಿನ ಹೇಳಬೇಕು.

ಸಕ್ಕರೆ ಕಾಯಿಲೆ ಇದ್ದವರು ತಮ್ಮ ಮಾತ್ರೆಯ ಪಟ್ಟಿಯನ್ನು ಇನ್ನೊಮ್ಮೆ ಓದಿ. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಔಷಧಗಳನ್ನು, ಉದಾಹರಣೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಸಾಮಾನ್ಯವಾಗಿ ಕನಿಷ್ಠ 3 ದಿನ ಮೊದಲು ನಿಲ್ಲಿಸಿಸುತ್ತಾರೆ. ನಿಲ್ಲಿಸದಿದ್ದರೆ ಸಕ್ಕರೆ ಹೆಚ್ಚು ಏರದೆಯೂ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ಇದು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲೂ ಬರುತ್ತದೆ. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ಬೇರೆ, ಔಷಧದ ಹೆಸರು ಬೇರೆ.

ಬೀಡಿ, ಸಿಗರೇಟು, ಗುಟ್ಕಾ, ಖೈನಿ, ಹಲ್ಲುಜ್ಜುವ ಮಿಶ್ರಿ: ಇವೆಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸ ಮೂಳೆ ಹುಟ್ಟಲು ಅಡ್ಡಿಯಾಗುತ್ತದೆ. “ಸೇದುವುದಿಲ್ಲ ಮೇಡಂ” ಎನ್ನುವ ತಾಯಂದಿರು ಮಿಶ್ರಿಯನ್ನು ತಂಬಾಕು ಎಂದು ಎಣಿಸಿರುವುದಿಲ್ಲ. ಕನಿಷ್ಠ 4ರಿಂದ 6 ವಾರ ಮೊದಲೇ ಬಿಡಿ, ಮೂಳೆ ಕೂಡುವವರೆಗೂ ಮುಟ್ಟಬೇಡಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಶಸ್ತ್ರಚಿಕಿತ್ಸೆಗೆ ಮೊದಲು ಸಾಮಾನ್ಯವಾಗಿ 6ರಿಂದ 8 ಗಂಟೆ ಊಟವಿಲ್ಲ. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಅರಿವಳಿಕೆ ತಜ್ಞರು ಹೇಳುತ್ತಾರೆ. ಹಾಲು ಹಾಕಿದ ಕಾಫಿ, ಚಹಾ ನೀರಲ್ಲ, ಆಹಾರ. ಬೆಳಿಗ್ಗೆ ಒಂದು ಗುಟುಕು ಚಹಾ ಕುಡಿದ ಕಾರಣಕ್ಕೆ ಸರದಿ ಮುಂದಕ್ಕೆ ಹೋಗುತ್ತದೆ.

ಮೊದಲ ದಿನಗಳು

ಮುಂದಿನಿಂದ ಮಾಡಿದ್ದರೆ ಗಂಟಲು ನೋವು, ನುಂಗಲು ಕಷ್ಟ, ಗೊಗ್ಗರು ಧ್ವನಿ ಕೆಲವು ದಿನದಿಂದ ಕೆಲವು ವಾರ ಇರಬಹುದು. ಗಂಟಲಿನ ಪಕ್ಕದಿಂದಲೇ ದಾರಿ ಮಾಡಿಕೊಂಡು ಹೋಗಿರುತ್ತಾರಲ್ಲ. ನೆಟ್ಟಗೆ ಕೂತು, ಗಂಜಿ, ಮೆತ್ತಗಿನ ಪೊಂಗಲ್, ಮೊಸರನ್ನ, ಸಣ್ಣ ತುತ್ತು. ಮಾತ್ರೆ ಇಳಿಯುವುದಿಲ್ಲವೆಂದು ಪುಡಿ ಮಾಡುವ ಮೊದಲು ಔಷಧ ಅಂಗಡಿಯಲ್ಲಿ ಕೇಳಿ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಸಿಆರ್ ಎಂದಿದ್ದರೆ ಪುಡಿ ಮಾಡಬಾರದು. ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಹಿಂದಿನಿಂದ ಮಾಡಿದ್ದರೆ ನುಂಗುವ ತೊಂದರೆ ಕಡಿಮೆ, ಸ್ನಾಯುಗಳ ನೋವು ಹೆಚ್ಚು.

ಕುತ್ತಿಗೆ ಊದಿ ಬಿಗಿಯಾಗುವುದು, ಉಸಿರಾಡಲು ಕಷ್ಟವಾಗುವುದು, ಎಂಜಲು ನುಂಗಲೂ ಆಗದಿರುವುದು ತುರ್ತು ಸ್ಥಿತಿ. ಒಳಗೆ ರಕ್ತ ಕಟ್ಟಿ ಶ್ವಾಸನಾಳವನ್ನು ಒತ್ತುತ್ತಿರಬಹುದು. ಆಸ್ಪತ್ರೆಯಲ್ಲಿದ್ದರೆ ಕೂಗಿ ನರ್ಸನ್ನು ಕರೆಯಿರಿ, ಮನೆಯಲ್ಲಿದ್ದರೆ 108. ಕೈಕಾಲಿನ ಶಕ್ತಿ ಹೊಸದಾಗಿ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಎದೆ ನೋವು ಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ, ರಾತ್ರಿಯಾದರೂ ಹೋಗಿ. ಜ್ವರ, ಗಾಯದಿಂದ ಕೀವು ಅಥವಾ ನೀರು ಬಂದರೂ ತಪಾಸಣೆಯ ದಿನಕ್ಕೆ ಕಾಯಬೇಡಿ.

ಚೀಟಿಯನ್ನು ಓದುವುದು

ಡಿಸ್ಚಾರ್ಜ್ ಚೀಟಿಯಲ್ಲಿ ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಕೌಂಟರಿನ ಈಚೆ ನಿಂತು ನಾನು ಹೆಚ್ಚು ಸಲ ವಿವರಿಸಿದ್ದು ಈ ಕೊನೆಯದನ್ನೇ: ಕೆಲವರು ಅದನ್ನು ಪ್ರಾಣಾಪಾಯಕ್ಕೆ ಮೀಸಲಿಟ್ಟು ನೋವು ತಿನ್ನುತ್ತಾರೆ, ಇನ್ನು ಕೆಲವರು ಮೂರು ಹೊತ್ತೂ ನುಂಗುತ್ತಾರೆ.

ನೋವಿಗೆ ಟ್ರಮಡಾಲ್ ಕೊಟ್ಟಿದ್ದರೆ ಅದರೊಳಗೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆತಿರುವುದು ಸಾಮಾನ್ಯ. ಅದನ್ನು ಮೂರು ಸಲ ತಿಂದರೆ 975. ಮೇಲೆ 650ರ ಮಾತ್ರೆ ಮೂರು ತಿಂದರೆ 2925. ಶೀತಕ್ಕೆಂದು 500 ಇರುವ ಮಾತ್ರೆ ಎರಡು ಸೇರಿದರೆ 3925. ದಿನಕ್ಕೆ 4000 ದೊಡ್ಡವರ ಮೇಲಿನ ಮಿತಿ. ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅದೂ ಹೆಚ್ಚು. ಟ್ರಮಡಾಲ್ ಮಲಬದ್ಧತೆ ಮಾಡುತ್ತದೆ. ಮುಕ್ಕಿದರೆ ಕುತ್ತಿಗೆಯೂ ನೋಯುತ್ತದೆ. ನೀರು, ಹಣ್ಣು, ಇಸಬ್‌ಗೋಲ್ ಮೊದಲ ದಿನದಿಂದಲೇ ಇರಲಿ. ಪ್ರೆಗಾಬಾಲಿನ್, ಗಾಬಾಪೆಂಟಿನ್ ತೂಕಡಿಕೆ ತರುತ್ತವೆ. ರಾತ್ರಿ ಶೌಚಕ್ಕೆ ಎದ್ದಾಗ ಬೀಳದಂತೆ ಒಂದು ದೀಪ ಉರಿಯುತ್ತಿರಲಿ. ನೋವು ಹೋಯಿತೆಂದು ಇವನ್ನು ಒಮ್ಮೆಲೇ ಬಿಡಬೇಡಿ, ಡಾಕ್ಟರ ಹತ್ತಿರ ಕೇಳಿ ಇಳಿಸುತ್ತಾ ಬನ್ನಿ.

ಡೈಕ್ಲೋಫಿನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಮೂಳೆ ಕೂಡುವುದನ್ನು ನಿಧಾನಿಸುತ್ತವೆಯೇ ಎಂಬುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೂ ಹಲವು ಶಸ್ತ್ರಚಿಕಿತ್ಸಕರು ಮೊದಲ ವಾರಗಳಲ್ಲಿ ಬೇಡವೆನ್ನುತ್ತಾರೆ. ಪಕ್ಕದ ಅಂಗಡಿಯಲ್ಲಿ “ಒಂದು ನೋವಿನ ಗುಳಿಗೆ ಕೊಡಿ” ಎಂದು ಕೇಳಿದರೆ ಸಿಗುವುದು ಬಹುಶಃ ಅದೇ.

ಕೊಡಪಾನ, ಲೋಕಲ್ ರೈಲು, ಊರು

ನಡಿಗೆ ಸಾಮಾನ್ಯವಾಗಿ ಮರುದಿನವೇ ಶುರುವಾಗುತ್ತದೆ. ಅದೇ ಮೊದಲ ವಾರಗಳ ವ್ಯಾಯಾಮ. ಭಾರ ಎತ್ತುವುದು ಮಾತ್ರ 2-3 ಕಿಲೋಗೆ ಸೀಮಿತ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಒಂದೆರಡು ಗಂಟೆಯಲ್ಲಿ ಡ್ರಮ್ಮು ತುಂಬಿಸಬೇಕಾದ ಮನೆಗಳಲ್ಲಿ ಇದೇ ದೊಡ್ಡ ಪರೀಕ್ಷೆ. 15 ಲೀಟರಿನ ಬಕೆಟ್ ಎಂದರೆ 15 ಕಿಲೋ. ಮನೆಗೆ ಬರುವ ಮೊದಲೇ ಯಾರು ನೀರು ಹಿಡಿಯುತ್ತಾರೆ ಎಂದು ತೀರ್ಮಾನಿಸಿ. ಅಟ್ಟದ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಳಿಸಿ. ಮೊಮ್ಮಗುವನ್ನು ಎತ್ತಬೇಡಿ, ಕೂತಿರುವಾಗ ಮಡಿಲಿಗೆ ಕೊಡಲಿ. ಸಾಷ್ಟಾಂಗ ನಮಸ್ಕಾರ ಸದ್ಯಕ್ಕೆ ಕೈಮುಗಿಯುವುದರಲ್ಲೇ ಮುಗಿಯಲಿ.

ಕಾಲರ್ ಎಲ್ಲರಿಗೂ ಕೊಡುವುದಿಲ್ಲ. ಒಂದೇ ಹಂತದಲ್ಲಿ ಪ್ಲೇಟು ಹಾಕಿದ್ದರೆ ಹಲವರು ಬೇಡವೆನ್ನುತ್ತಾರೆ. ಕೊಟ್ಟಿದ್ದರೆ ಮುಂಬೈಯ ಬೆವರಿಗೆ ಗದ್ದದ ಕೆಳಗೆ ಚರ್ಮ ಸುಲಿಯುತ್ತದೆ, ಒಳಗೆ ತೆಳು ಹತ್ತಿಬಟ್ಟೆ ಇಟ್ಟು ದಿನವೂ ಬದಲಿಸಿ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವುದು ಶಸ್ತ್ರಚಿಕಿತ್ಸೆಗೆ ಮೊದಲೂ ಬೇಡ, ಆಮೇಲೂ ಬೇಡ.

ಕೂತು ಮಾಡುವ ಕೆಲಸಕ್ಕೆ ಹಲವರು 4ರಿಂದ 6 ವಾರದಲ್ಲಿ ಮರಳುತ್ತಾರೆ. ಹೋಟೆಲಿನ ಅಡುಗೆಮನೆ, ಗಾರೆ ಕೆಲಸಕ್ಕೆ 3 ತಿಂಗಳಿಗೂ ಹೆಚ್ಚು ಬೇಕಾಗಬಹುದು. ಕೆಲಸಕ್ಕಿಂತ ಕೆಲಸಕ್ಕೆ ಹೋಗುವ ದಾರಿಯೇ ಕಠಿಣ. ಜನಸಂದಣಿಯ ಲೋಕಲ್‌ನಲ್ಲಿ ಮೇಲಿನ ಹಿಡಿ ಹಿಡಿದು ಜೋಲಾಡುವುದು, ಬೆನ್ನಿಗೆ ಬ್ಯಾಗು, ಹಿಂದಿನಿಂದ ತಳ್ಳಾಟ. ರಜಾ ಪತ್ರ ಕೇಳುವಾಗ ಡಾಕ್ಟರಿಗೆ ಇದನ್ನೂ ಹೇಳಿ. ಕಾಲರ್ ಇರುವವರೆಗೆ, ಟ್ರಮಡಾಲ್ ತಿನ್ನುವವರೆಗೆ ಬೈಕು, ಕಾರು ಓಡಿಸುವಂತಿಲ್ಲ.

ಚೇತರಿಸಿಕೊಳ್ಳಲು ಊರಿಗೆ ಹೋಗುವ ಆಸೆ ಸಹಜ. ಹೊಲಿಗೆ ನೋಡುವ 10-14ನೇ ದಿನದ ತಪಾಸಣೆ ಮುಗಿಸಿ, ಕೇಳಿಯೇ ಹೋಗಿ. ರಾತ್ರಿ ಬಸ್ಸಿನ ಕುಲುಕಾಟಕ್ಕಿಂತ ಕುರ್ಲಾದಿಂದ ಹೊರಡುವ ಮತ್ಸ್ಯಗಂಧ ರೈಲಿನ ಕೆಳ ಬರ್ತ್ ಎಷ್ಟೋ ಮೇಲು. ಮಾತ್ರೆಗಳನ್ನು ಪೂರ್ತಿ ಅವಧಿಗೆ ತೆಗೆದುಕೊಳ್ಳಿ, ಮೂಲ ಚೀಟಿ ಜೊತೆಗಿರಲಿ. ಟ್ರಮಡಾಲ್ 2018ರಿಂದ ಮಾದಕದ್ರವ್ಯ ಕಾನೂನಿನಡಿ ಇದೆ, ಚೀಟಿಯಿಲ್ಲದೆ ಸಿಗುವುದಿಲ್ಲ.

ಎಷ್ಟು ಸುಧಾರಣೆ?

ಕೈಗೆ ಇಳಿಯುತ್ತಿದ್ದ ನೋವು ಬೇಗ ಹೋಗುತ್ತದೆ. ಮರಗಟ್ಟಿದ್ದು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಸ್ವಲ್ಪ ಉಳಿಯುತ್ತದೆ. ಹುರಿಗೆ ಬಹುಕಾಲ ಒತ್ತಡವಿದ್ದವರಲ್ಲಿ ಮೊದಲ ಗುರಿ ಇನ್ನಷ್ಟು ಹದಗೆಡದಂತೆ ತಡೆಯುವುದು. ಮೇಲೆ ಬಂದ ಸುಧಾರಣೆ ಲಾಭ. ಇದನ್ನು ಮೊದಲೇ ಕೇಳಿ ತಿಳಿದವರು ಮೂರನೇ ತಿಂಗಳಲ್ಲಿ “ಆಪರೇಷನ್ ಫೇಲ್” ಎಂದು ಕುಗ್ಗುವುದಿಲ್ಲ. ತಲೆ ಎಡಬಲಕ್ಕೆ ತಿರುಗುವ ಚಲನೆಯಲ್ಲಿ ಅರ್ಧದಷ್ಟು ಮೇಲಿನ ಎರಡು ಮೂಳೆಗಳದ್ದೇ, ಆದ್ದರಿಂದ ಕೆಳಗೆ ಒಂದು ಹಂತ ಕೂಡಿದರೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಪಕ್ಕದ ಡಿಸ್ಕು ಮುಂದೆ ತೊಂದರೆ ಕೊಡಬಹುದು: 374 ರೋಗಿಗಳನ್ನು ಗಮನಿಸಿದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದು ವರ್ಷಕ್ಕೆ ಸುಮಾರು ಶೇ. 3ರಷ್ಟಿತ್ತು.

ಎಕ್ಸ್‌ರೇ ತಪಾಸಣೆಗಳು ಸಾಮಾನ್ಯವಾಗಿ 6 ವಾರ, 3 ತಿಂಗಳು, 6 ತಿಂಗಳು, 1 ವರ್ಷಕ್ಕೆ. ನೋವಿಲ್ಲವೆಂದು ತಪ್ಪಿಸಬೇಡಿ, ಮೂಳೆ ಕೂಡದಿದ್ದರೂ ಕೆಲವರಿಗೆ ನೋವಿರುವುದಿಲ್ಲ. ಒಳಗೆ ಹಾಕಿದ ಪ್ಲೇಟು, ಕೇಜಿನ ಸ್ಟಿಕ್ಕರನ್ನು ಫೈಲಿನಲ್ಲಿ ಜೋಪಾನವಾಗಿಡಿ. ಟೈಟಾನಿಯಂ ಆಗಿದ್ದರೆ ಮುಂದೆ ಎಂಆರ್‌ಐಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಯಂತ್ರದೊಳಗೆ ಹೋಗುವ ಮೊದಲು ಅಲ್ಲಿನವರಿಗೆ ಆ ಸ್ಟಿಕ್ಕರ್ ತೋರಿಸಿ.