ದೀಪವೋ, ಕಲೆಯೋ?

1963ರ ಮೇ 25ರಂದು ನ್ಯೂಯಾರ್ಕಿನ ಕಲಾವಿದ ಡ್ಯಾನ್ ಫ್ಲೇವಿನ್ ಎಂಟು ಅಡಿ ಉದ್ದದ ಹಳದಿ ಟ್ಯೂಬ್‌ಲೈಟೊಂದನ್ನು ಗೋಡೆಗೆ ಓರೆಯಾಗಿ ಜೋಡಿಸಿದ. ಅಂಗಡಿಯಲ್ಲಿ ಯಾರಿಗಾದರೂ ಸಿಗುವ ದೀಪ. ಕೃತಿಯ ಹೆಸರು ಆ ದಿನಾಂಕದ ಕರ್ಣರೇಖೆ. ಅರ್ಪಣೆ, ರುಮೇನಿಯಾ ಮೂಲದ ಶಿಲ್ಪಿ ಬ್ರಾಂಕುಸಿಗೆ.

ಫ್ಲೇವಿನ್ ಮುಂದೆ ಮೂರು ದಶಕ ಟ್ಯೂಬ್‌ಲೈಟುಗಳನ್ನೇ ನೆಚ್ಚಿದ. ಮೂಲೆಯಲ್ಲಿ ನಿಲ್ಲಿಸಿದ ದೀಪ ಆ ಮೂಲೆಯನ್ನೇ ಕರಗಿಸಿಬಿಡುತ್ತಿತ್ತು. ಅವನ ಹಸಿರು ಬೆಳಕಿನಲ್ಲಿ ಕೆಲಹೊತ್ತು ನಿಂತವರಿಗೆ ಕಿಟಕಿಯಾಚೆಯ ಹಗಲು ನಸುಗೆಂಪಾಗಿ ತೋರುತ್ತದೆ. ಇಲ್ಲಿ ಗುಟ್ಟೆಂಬುದಿಲ್ಲ, ದೀಪ, ಪಟ್ಟಿ ಎಲ್ಲವೂ ಕಣ್ಣೆದುರಿಗೇ ಇವೆ. ಆದರೂ ಭ್ರಮೆ ಅಳಿಯುವುದಿಲ್ಲ.

ಬ್ರಾಂಕುಸಿಯ ಹೆಸರು ಇಲ್ಲಿ ಇನ್ನೊಂದು ಇತಿಹಾಸವನ್ನು ನೆನಪಿಸುತ್ತದೆ. 1926ರಲ್ಲಿ ಅವನ ‘ಆಕಾಶದಲ್ಲಿ ಹಕ್ಕಿ’ ಎಂಬ ಕಂಚಿನ ಶಿಲ್ಪ ನ್ಯೂಯಾರ್ಕಿಗೆ ಬಂದಾಗ ಸುಂಕದವರಿಗೆ ಅದರಲ್ಲಿ ಹಕ್ಕಿ ಕಾಣಲಿಲ್ಲ. ಅಡುಗೆಮನೆ ಮತ್ತು ಆಸ್ಪತ್ರೆಯ ಸಾಮಗ್ರಿಗಳ ವರ್ಗಕ್ಕೆ ಸೇರಿಸಿ ಶೇ 40ರಷ್ಟು ಸುಂಕ ಹೇರಿದರು. ಪ್ರಕೃತಿಯನ್ನು ಅನುಕರಿಸದ ಹೊಸ ಕಲಾಪಂಥವೊಂದು ಹುಟ್ಟಿದೆಯೆಂದು ಒಪ್ಪಿದ ಸುಂಕ ನ್ಯಾಯಾಲಯ 1928ರಲ್ಲಿ ಶಿಲ್ಪಿಯ ಪರವಾಗಿ ತೀರ್ಪಿತ್ತಿತು.

ಫ್ಲೇವಿನ್ 1996ರಲ್ಲಿ ತೀರಿಕೊಂಡ. ಹತ್ತು ವರ್ಷಗಳ ಬಳಿಕ ಲಂಡನ್ನಿನ ಗ್ಯಾಲರಿಯೊಂದು ಅವನ ಕೃತಿಯನ್ನು ಅಮೆರಿಕದಿಂದ ಬಿಡಿಭಾಗಗಳಾಗಿ ತರಿಸಿತು. ಕಲಾಕೃತಿಯಾದರೆ ತೆರಿಗೆ ಶೇ 5. ದೀಪವಾದರೆ ಶೇ 17.5. ಅಧಿಕಾರಿಗಳು ದೀಪವೆಂದರು. 2008ರಲ್ಲಿ ಬ್ರಿಟನ್ನಿನ ನ್ಯಾಯಮಂಡಳಿ ಕಲೆಯೆಂದಿತು. 2010ರಲ್ಲಿ ಯುರೋಪಿಯನ್ ಆಯೋಗ ಇದನ್ನು ತಳ್ಳಿಹಾಕಿ, ಇಂಥ ವಸ್ತು ಗೋಡೆಯ ದೀಪವೇ ಸರಿ ಎಂದು ವಿಧಿಸಿತು. ಕಲೆಯೆನ್ನಬಹುದಾದುದು ಅದು ಉಂಟುಮಾಡುವ ಬೆಳಕಿನ ಪರಿಣಾಮವೇ ಹೊರತು ಉಪಕರಣವಲ್ಲ ಎಂಬುದು ಅದರ ತರ್ಕ.

ಕಡತಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಆ ಅಧಿಕಾರಿಗಳ ಕಷ್ಟ ಅರ್ಥವಾಗುತ್ತದೆ. ಪ್ರತಿ ವಸ್ತುವಿಗೂ ಒಂದು ಶೀರ್ಷಿಕೆ ಬೇಕು; ಪೆಟ್ಟಿಗೆಯೊಳಗಿನ ಆರಿದ ದೀಪಕ್ಕೆ ಬೇರೆ ಯಾವ ಶೀರ್ಷಿಕೆ ಹೊಂದೀತು? ವಿಪರ್ಯಾಸವೆಂದರೆ, ಕಲೆ ಇರುವುದು ಬೆಳಕಿನಲ್ಲಿ ಎಂದ ಆಯೋಗ ಅರಿಯದೆಯೇ ಫ್ಲೇವಿನ್ನನ ಪರ ವಾದಿಸಿತ್ತು. ಆದರೆ ಬೆಳಕನ್ನು ಪೆಟ್ಟಿಗೆಯಲ್ಲಿ ತುಂಬಿ ಗಡಿ ದಾಟಿಸಲಾಗದು. 1928ರ ನ್ಯಾಯಾಲಯ ಹೊಸ ಕಲೆಗಾಗಿ ಹಳೆಯ ವ್ಯಾಖ್ಯೆಯನ್ನು ಹಿಗ್ಗಿಸಿತ್ತು. 2010ರ ಆಯೋಗ ಹಳೆಯ ವ್ಯಾಖ್ಯೆಯೊಳಗೆ ಹೊಸ ಕಲೆಯನ್ನು ಕುಗ್ಗಿಸಿತು.